ಕೆಚ್ಚುವ ಬೆರಳು

ಮೇಲುಕೋಟೆಗೆ ಹೋದವರು ಚೆಲುವನಾರಾಯಣನ ದರ್ಶನ ಮಾಡಿ, ಯೋಗಾನರಸಿಂಹನ ಬೆಟ್ಟ ಹತ್ತಿ, ಪುಳಿಯೋಗರೆ ಕಟ್ಟಿಸಿಕೊಂಡು ಇಳಿಯುತ್ತಾರೆ. ನಾನು ಈ ಸಲ ಹೋದದ್ದು ಮಗ್ಗ ನೋಡಲು.

ಮಗ್ಗದ ಮುಂದೆ ಕೂತಿದ್ದ ಅಕ್ಕ ಬಟ್ಟೆ ಮುಗಿಸಿ ಆಗಷ್ಟೇ ಕತ್ತರಿಸಿದ್ದರು. ಹಳೆಯ ಹಾಸಿನ ಗೇಣುದ್ದದ ಎಳೆಗಳನ್ನು ಮಾತ್ರ ಹಣಿಗೆಯಲ್ಲಿ ಹಾಗೇ ಬಿಟ್ಟಿದ್ದರು. ಪಕ್ಕದ ತಟ್ಟೆಯಲ್ಲಿ ಒಂದಿಷ್ಟು ಬೂದಿ. ಹಳೆಯದೊಂದು ಎಳೆ, ಹೊಸದೊಂದು ಎಳೆ ಎತ್ತಿಕೊಂಡು, ಬೂದಿ ಸೋಕಿದ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಮಡಿಸಿದರೆ ಎರಡೂ ಒಂದು. ಗಂಟಿಲ್ಲ, ಅಂಟಿಲ್ಲ. ಇದೇ ಕೆಚ್ಚುವುದು. ಹೀಗೆ ಸಾವಿರಕ್ಕೂ ಹೆಚ್ಚು ಎಳೆಗಳನ್ನು ಕೂಡಿಸಿದ ಮೇಲೆ ಮೆಲ್ಲಗೆ ಎಳೆದರಾಯಿತು, ಹಳೆಯ ಹಾಸು ಹೊಸದನ್ನು ಹಣಿಗೆಯೊಳಗಿಂದ ಕರೆದುಕೊಂಡು ಬರುತ್ತದೆ. ಒಂದೊಂದನ್ನೇ ಮತ್ತೆ ಪೋಣಿಸುವ ಕಷ್ಟ ತಪ್ಪುತ್ತದೆ.

ನಾನೂ ಕೈ ಹಾಕಿದೆ. ಮೂರು ಸಲ ಬಿಚ್ಚಿಕೊಂಡಿತು. “ಬಿಗಿ ಮಾಡ್ಬೇಡಿ ಸಾರ್, ಹಗೂರಕ್ಕೆ ಹೊಸೀರಿ,” ಎಂದರು. ನಾಲ್ಕನೆಯದು ನಿಂತಿತು. ಆ ಹಗುರ ಎಷ್ಟೆಂದು ಯಾವ ಪುಸ್ತಕವೂ ಹೇಳಲಾರದು. ಬಲ್ಲವರ ಪಕ್ಕದಲ್ಲಿ ಕೂತೇ ಕಲಿಯಬೇಕು.

ಇಂಥ ಕಲಿಕೆಯನ್ನು ನಂಬಿ ಸುರೇಂದ್ರ ಕೌಲಗಿಯವರು 1960ರಲ್ಲಿ ಇಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಜಯಪ್ರಕಾಶ ನಾರಾಯಣರ ಆಪ್ತ ಕಾರ್ಯದರ್ಶಿಯಾಗಿದ್ದವರು, ಪಾಂಡವಪುರ ತಾಲ್ಲೂಕಿನ ಈ ಬೆಟ್ಟದೂರಿನಲ್ಲಿ ನೆಲೆ ನಿಂತರು. ಆಸರೆಯಿಲ್ಲದ ಮಕ್ಕಳಿಗೆ ಕರುಣಾಗೃಹ, ಊರಿನ ಕೈಗಳಿಗೆ ಖಾದಿ, ಸರಳವಾಗಿ ಬದುಕುವುದನ್ನು ಕಲಿಯಬಯಸುವವರಿಗೆ ‘ಹೊಸ ಜೀವನ ದಾರಿ’. ಜಮ್ನಾಲಾಲ್ ಬಜಾಜ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಈ ಊರೇ ಒಂದು ಪಾಠಶಾಲೆ. ಕೆಳಗೆ ಶ್ರೀರಂಗಪಟ್ಟಣದ ಕಡೆ ಕಾವೇರಿ ನಾಲೆ, ಕಬ್ಬು, ಭತ್ತ. ಮೇಲೆ ಬಂಡೆ, ಕುರುಚಲು ಕಾಡು, ಮಳೆ ನೀರನ್ನು ಹಿಡಿದಿಡುವ ಕಲ್ಯಾಣಿಗಳು. ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳಿಗೆ ಚಾಚಿಕೊಂಡಿರುವ ಸುಮಾರು 50 ಚದರ ಕಿಲೋಮೀಟರಿನ ಕಾಡನ್ನು ತೋಳಗಳಿಗಾಗಿಯೇ 1974ರಲ್ಲಿ ವನ್ಯಧಾಮ ಮಾಡಿದರು. ಕವಿ ಪು.ತಿ.ನ. ಹುಟ್ಟಿದ್ದೂ ಇಲ್ಲೇ, 1905ರಲ್ಲಿ. ಅವರ ಮನೆ ಈಗ ಸ್ಮಾರಕ. ಮಕ್ಕಳನ್ನು ಒಂದು ದಿನ ಇಲ್ಲಿಗೆ ಕರೆತಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂರಿಸಿದರೆ ನೀರು, ಕಾಡು, ಕವಿತೆ ಬೇರೆಬೇರೆ ವಿಷಯಗಳಾಗಿ ಉಳಿಯುವುದಿಲ್ಲ.

ಮತ್ತೆ ಮಗ್ಗಕ್ಕೆ ಬಂದರೆ, ಖಾದಿಯ ಲೆಕ್ಕದಲ್ಲಿ ಒಂದು ಲಡಿ ಎಂದರೆ 1000 ಮೀಟರ್ ನೂಲು. ಅಷ್ಟನ್ನೂ ಕೈ ನೂಲಬೇಕು, ಆಮೇಲೆ ಕೈ ನೇಯಬೇಕು. ಯಂತ್ರದ ಬಟ್ಟೆಯ ಪಕ್ಕ ಇಟ್ಟು ಬೆಲೆ ಕೇಳುವವರಿಗೆ ಈ ಬಟ್ಟೆ ದುಬಾರಿಯೇ. ಇತ್ತ ಬೆಳಗಿನ ಜಾವ ಹಳ್ಳಿಹಳ್ಳಿಗೆ ಗಾರ್ಮೆಂಟ್ಸ್ ಬಸ್ಸು ಬರುತ್ತದೆ. ತಿಂಗಳ ಸಂಬಳ ಖಾತ್ರಿಯಿರುವ ಕಡೆಗೆ ಹೆಣ್ಣುಮಕ್ಕಳು ಹೋದರೆ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಕೊಳ್ಳಬೇಕಾದ ನಾವು ಕೊಳ್ಳಲಿಲ್ಲ ಎಂಬ ಸಂಕಟವಂತೂ ಇದೆ.

ಸಂಜೆಯಾಯಿತು. ಹಾಸು ಅರ್ಧ ಕೆಚ್ಚಿ ಮುಗಿದಿತ್ತು. ಅಕ್ಕ ಉಳಿದ ಎಳೆಗಳನ್ನು ಸಿಕ್ಕಾಗದಂತೆ ಸಡಿಲವಾಗಿ ಕಟ್ಟಿ, ಬೂದಿಯ ತಟ್ಟೆಯನ್ನು ಮಗ್ಗದ ಕೆಳಗೆ ಸರಿಸಿದರು. ತಮಗೆ ಕಲಿಸಿದವರೂ ಹೀಗೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರಂತೆ. ಅಕ್ಕ ಕೂತಿದ್ದ ಹಲಗೆಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.