ಟೊಳ್ಳು ಆನೆಯ ಹೊಟ್ಟೆಗೆ ರಾಳ

ತ್ರೀ-ಡಿ ಪ್ರಿಂಟರ್‌ನಲ್ಲಿ ಮಾಡಿದ ಆನೆ ನೋಡಲು ಚೆಂದ. ಎತ್ತಿದರೆ ಬೆಂಡಿನಷ್ಟು ಹಗುರ. ಪ್ಲಾಸ್ಟಿಕ್ ಮತ್ತು ಸಮಯ ಉಳಿಸಲು ಒಳಗನ್ನು ಟೊಳ್ಳಾಗಿ ಬಿಟ್ಟಿರುತ್ತಾರೆ. ತೂಕ, ಗಟ್ಟಿತನ ಎರಡೂ ಬೇಕಾದರೆ ಹೊಟ್ಟೆಗೆ ಎಪಾಕ್ಸಿ ಎಂಬ ರಾಳ ತುಂಬಬಹುದು.

ಎಪಾಕ್ಸಿ ಬರುವುದು ಎರಡು ಡಬ್ಬಿಗಳಲ್ಲಿ: ಒಂದರಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾದೀತು ಎಂಬುದು ತಪ್ಪು, ಅಂಟಂಟಾಗಿಯೇ ಉಳಿದೀತು.

ಇವೆರಡೂ ಬೆರೆತಾಗ ಶಾಖ ಹುಟ್ಟುತ್ತದೆ. ಒಂದೇ ಸಲ ಲೋಟಗಟ್ಟಲೆ ಸುರಿದರೆ ಆ ಶಾಖ ಒಳಗೇ ಉಳಿದು ಏರುತ್ತದೆ. ಇಂಥ ಬೊಂಬೆಗಳಿಗೆ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ದಿನವೆಲ್ಲ ಕಾದು ಪಡೆದ ಆನೆಯ ಸೊಂಡಿಲು ಸೊಟ್ಟ! ಆದ್ದರಿಂದ ಸಂದುಗಳು ಸೋರದಂತೆ ಹೊರಗಿನಿಂದ ಟೇಪು ಅಂಟಿಸಿ, ಸ್ವಲ್ಪಸ್ವಲ್ಪವೇ ಸುರಿಯಿರಿ. ಒಂದು ಪದರ ಗಟ್ಟಿಯಾಗಿ ತಣಿದ ಮೇಲೆಯೇ ಇನ್ನೊಂದು.

ಪೋಷಕರಿಗೊಂದು ಮಾತು. ಗಟ್ಟಿಯಾಗದ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಗುಲಿದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಜೀವನಪೂರ್ತಿ ಕಾಡಬಹುದು. ನೈಟ್ರೈಲ್ ಕೈಗವಸು, ರಕ್ಷಣಾ ಕನ್ನಡಕ, ಗಾಳಿಯಾಡುವ ಜಾಗ, ಜೊತೆಗೆ ಹಿರಿಯರು ಇರಲೇಬೇಕು. ಬರೀ ತೂಕ ಸಾಕೆಂದರೆ ಒಣ ಮರಳು ತುಂಬಿ ತೂತು ಮುಚ್ಚಿದರಾಯಿತು. ಚಿಕ್ಕ ಮಕ್ಕಳಿಗೆ ಅದೇ ಲೇಸು.