ಸಕ್ಕರೆ ಕಾಯಿಲೆ: ಮೊಬೈಲ್, ವಾಚ್ ಎಷ್ಟು ನೆರವಾದೀತು?



ಡೇರಿಯಲ್ಲಿ ಹಾಲಿನ ಬಣ್ಣ ನೋಡಿ ಯಾರೂ ಫ್ಯಾಟ್ ಬರೆಯುವುದಿಲ್ಲ. ಸ್ಯಾಂಪಲ್ ಯಂತ್ರಕ್ಕೆ ಹೋಗಲೇಬೇಕು. ಸಕ್ಕರೆ ಕಾಯಿಲೆಗೂ ಇದೇ ನಿಯಮ. ಚುಚ್ಚದೆಯೇ ಸಕ್ಕರೆ ತೋರಿಸುತ್ತದೆ ಎನ್ನುವ ವಾಚ್, ಉಂಗುರಗಳ ಜಾಹೀರಾತನ್ನು ನಂಬಬೇಡಿ. ಇಂಥ ಯಾವ ಸಾಧನಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ತಪ್ಪು ಅಂಕಿ ನೋಡಿ ಮಾತ್ರೆ, ಇನ್ಸುಲಿನ್ ಹೆಚ್ಚುಕಡಿಮೆ ಮಾಡಿದರೆ ಜೀವಕ್ಕೇ ಅಪಾಯ.

ಹಾಗಾದರೆ ಯಾವುದು ಉಪಯೋಗಕ್ಕೆ ಬರುತ್ತದೆ?

ಗ್ಲುಕೋಮೀಟರ್: ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಬೆಲ್ಲ, ಹಣ್ಣು ಮುಟ್ಟಿದ ಕೈಯಲ್ಲಿ ಪರೀಕ್ಷಿಸಿದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ. ಸೋಪು ಹಾಕಿ ತೊಳೆದು, ಒರೆಸಿಕೊಂಡು ಚುಚ್ಚಿಕೊಳ್ಳಿ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಶುರು ಮಾಡಿ 2 ಗಂಟೆಗೆ 180ರ ಒಳಗಿರಬೇಕು. ನಿಮ್ಮ ಗುರಿ ಎಷ್ಟೆಂದು ವೈದ್ಯರನ್ನು ಕೇಳಿ.

ತೋಳಿನ ಸೆನ್ಸರ್: ಸುಮಾರು ಎರಡು ವಾರ ತೋಳಿಗೆ ಅಂಟಿಕೊಂಡಿದ್ದು, ಚರ್ಮದಡಿಯ ದ್ರವದಲ್ಲಿನ ಸಕ್ಕರೆ ಅಳೆದು ಮೊಬೈಲಿಗೆ ಕಳಿಸುತ್ತದೆ. ದುಬಾರಿ. ವೈದ್ಯರು ಹೇಳಿದರೆ ಮಾತ್ರ ಹಾಕಿಸಿಕೊಳ್ಳಿ.

ವಾಚ್: ಹೆಜ್ಜೆ ಎಣಿಸುತ್ತದೆ, ಮಾತ್ರೆಯ ಹೊತ್ತು ನೆನಪಿಸುತ್ತದೆ. ಊಟದ ನಂತರ 10–15 ನಿಮಿಷ ನಡೆದರೆ ಸಕ್ಕರೆ ಏರುವುದು ತಗ್ಗುತ್ತದೆ.

ಮೊಬೈಲ್ ಆಪ್: ಇದು ನಿಮ್ಮ ಡೇರಿ ಪಾಸ್‌ಬುಕ್ ಇದ್ದಂತೆ. ದಿನಾಂಕ, ಹೊತ್ತು, ಅಂಕಿ, ಏನು ಉಂಡಿರಿ ಎಂಬುದು ಅದರಲ್ಲಿರಲಿ. ಗುಡವಿಯಂಥ ಊರಿನಿಂದ ಸೊರಬದ ಆಸ್ಪತ್ರೆಗೆ ಹೋಗಿಬರಲು ಒಂದು ಹೊತ್ತಿನ ಕೆಲಸ ಬಿಡಬೇಕು. ಹೋದಾಗ ಆ ಲೆಕ್ಕ ತೋರಿಸಿದರೆ ವೈದ್ಯರಿಗೆ ಔಷಧ ಸರಿಪಡಿಸುವುದು ಸುಲಭ. ಆಪ್ ಬಾರದಿದ್ದರೆ ನೋಟ್‌ಬುಕ್ಕೂ ಸಾಕು.

ಒಂದು ಎಚ್ಚರಿಕೆ. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ತೆಗೆದುಕೊಂಡು, ತಿಂಡಿ ತಿನ್ನದೆ ಹಾಲು ಕರೆದು ಡೇರಿಗೆ ಹೊರಡುವವರು ನಮ್ಮಲ್ಲಿ ಅನೇಕರಿದ್ದಾರೆ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ವಾಚ್ ನೋಡುತ್ತ ನಿಲ್ಲಬೇಡಿ. ಮೀಟರ್ ಕೈಗೆ ಸಿಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ, ಅಥವಾ ಮೀಟರ್ ಇಲ್ಲದಿದ್ದರೆ, ಕೂಡಲೇ 3 ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ. 15 ನಿಮಿಷದ ನಂತರ ಮತ್ತೆ ನೋಡಿ. ಸುಧಾರಿಸಿದ ಮೇಲೆ ತಿಂಡಿ ತಿನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಒಂದು ಹೊತ್ತಿನ ಹಾಲು ನೋಡಿ ಹಸುವಿನ ಬೆಲೆ ಕಟ್ಟುವುದಿಲ್ಲವಲ್ಲ? ಹಾಗೆಯೇ 3 ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ವೈದ್ಯರು ಹೇಳಿದಂತೆ ಮಾಡಿಸಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ಬಿಪಿ ತಪಾಸಣೆ ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹಸುವಿಗೆ ಜ್ವರ ಬಂದರೆ ಅಂದೇ ಡಾಕ್ಟರನ್ನು ಕರೆಸುವ ನೀವು, ನಿಮ್ಮ ತಪಾಸಣೆಯನ್ನು ನಾಳೆಗೆ ಹಾಕಬೇಡಿ.