ಅತಿವಾಹನ: ಮಿತಿಗೆ ಮೊದಲ ಪರೀಕ್ಷೆ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಹಳ್ಳಿಗಳಲ್ಲಿ ವಾಹನವೆಂಬುದು ಐಷಾರಾಮವಲ್ಲ. ಗುಡ್ಡದ ಮಗ್ಗುಲಲ್ಲಿ ಒಂಟಿ ಮನೆ, ಸುತ್ತ ಅಡಿಕೆ ತೋಟ, ಅಲ್ಲಿಂದ ಮುಖ್ಯ ರಸ್ತೆಗೆ ಏರುತಗ್ಗಿನ ದಾರಿ. ಅಡಿಕೆಯನ್ನು ಮಾರುಕಟ್ಟೆಗೆ ಒಯ್ಯಲು, ರಾತ್ರಿಯ ಹೊತ್ತು ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ವಾಹನ ಬೇಕೇ ಬೇಕು. ಆದುದರಿಂದ ಇಲ್ಲಿಯ ಶ್ರಾವಕನು ಕಾರು ಕೊಳ್ಳುವುದರಲ್ಲಿ ದೋಷವಿಲ್ಲ. ಯಾವ ಕಾರು, ಏತಕ್ಕೆ ಎಂಬಲ್ಲಿಯೇ ವಿವೇಕದ ಕೆಲಸ ಆರಂಭವಾಗುತ್ತದೆ.

ಇಂತಹ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗನು ನಗರದಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ನೋಡಿ ಬಂದಿದ್ದಾನೆ. ಅದರ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಲಾಗಿದೆ, ಸೈಲೆನ್ಸರ್ ಬದಲಾಗಿದೆ, ಚಕ್ರಗಳು ಅಗಲವಾಗಿವೆ, ಕಾರು ನೆಲಕ್ಕೆ ತಗ್ಗಿದೆ. ಹೊಸದರ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಮಾರುವವನು ನಾಳೆಯೇ ಮುಂಗಡ ಕೇಳುತ್ತಿದ್ದಾನೆ. ಮನೆಯಲ್ಲಿ ಅಡಿಕೆ ಮಾರಿದ ಹಣವಿದೆ. ಆದರೆ ಮಳೆಗಾಲಕ್ಕೆ ತೋಟಕ್ಕೆ ಮದ್ದು ಬಿಡಿಸಬೇಕು, ಮಗಳ ಓದಿಗೆ ಶುಲ್ಕ ಕಟ್ಟಬೇಕು. ತಂದೆ ಬೇಡವೆಂದರೆ ಮಗ ಮುನಿಯುತ್ತಾನೆ. ಆಗಲಿ ಎಂದರೆ ತಾಯಿಗೆ ನಿದ್ರೆ ಬಾರದು. ಅವರು ಯಾವುದನ್ನು ಆಧರಿಸಿ ನಿರ್ಧರಿಸಬೇಕು?

ಗೃಹಸ್ಥನಿಗೆ ಜಿನಧರ್ಮವು ಸರ್ವಸಂಗತ್ಯಾಗವನ್ನು ವಿಧಿಸಿಲ್ಲ. ಐದನೆಯ ಅಣುವ್ರತವು ಪರಿಗ್ರಹ ಪರಿಮಾಣ. ಇಷ್ಟು ಸಾಕು ಎಂದು ತಾನೇ ಗೆರೆ ಎಳೆದುಕೊಂಡು, ಅದಕ್ಕಿಂತ ಹೆಚ್ಚಿನದರಲ್ಲಿ ಆಸೆ ಇರಿಸದಿರುವುದು. ಬಾಹ್ಯ ಪರಿಗ್ರಹದ ಹತ್ತು ಬಗೆಗಳಲ್ಲಿ ಹೊಲ, ಮನೆ, ಧನ, ಧಾನ್ಯಗಳೊಡನೆ ಯಾನ, ಅಂದರೆ ವಾಹನವೂ ಸೇರಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಮೊದಲನೆಯದೇ ಅತಿವಾಹನ ಎಂಬುದು ಗಮನಾರ್ಹ.

ಎತ್ತು, ಕುದುರೆಗಳ ಕಾಲದಲ್ಲಿ ಅತಿವಾಹನವೆಂದರೆ ಅವುಗಳನ್ನು ಶಕ್ತಿ ಮೀರಿ ಓಡಿಸುವುದು. ಯಂತ್ರಕ್ಕೆ ನೋವಿಲ್ಲ ನಿಜ. ಆದರೆ ತಯಾರಕರು ಲೆಕ್ಕ ಹಾಕಿ ಇಟ್ಟ ಮಿತಿಯನ್ನು ದಾಟಿಸಿದಾಗ ಕ್ಲಚ್ಚು, ಗೇರ್‌ಬಾಕ್ಸ್‌ಗಳು ಬೇಗ ಸವೆಯುತ್ತವೆ. ವೇಗ ಹೆಚ್ಚಿದರೂ ಬ್ರೇಕು ಹಳೆಯದೇ ಉಳಿದರೆ ಪ್ರಾಣಕ್ಕೇ ಸಂಚಕಾರ. ಅದರ ನೋವು ಜೀವಿಗಳಿಗೆ ತಟ್ಟುತ್ತದೆ. ಸುಳ್ಯದಿಂದ ಸಂಪಾಜೆಯತ್ತ, ಗುಂಡ್ಯದಿಂದ ಸುಬ್ರಹ್ಮಣ್ಯದತ್ತ ಸಾಗುವ ತಿರುವಿನ ದಾರಿಗಳಲ್ಲಿ ಮಳೆಗಾಲದ ರಾತ್ರಿ ಕಪ್ಪೆ, ಹಾವುಗಳು ರಸ್ತೆಗೆ ಬರುತ್ತವೆ. ಬೆಳಗ್ಗೆ ಶಾಲೆಯ ಮಕ್ಕಳು ಅಂಚಿನಲ್ಲಿ ನಡೆಯುತ್ತಾರೆ. ಮುನಿಗಳು ಈರ್ಯಾಸಮಿತಿಯಿಂದ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆ ಇಡುತ್ತಾರೆ. ಶ್ರಾವಕನಿಂದ ಅಷ್ಟು ಸಾಧ್ಯವಾಗದು. ಆದರೆ ಕಂಡಾಗ ನಿಲ್ಲಿಸಬಲ್ಲಷ್ಟು ವೇಗದಲ್ಲಿ ಸಾಗುವುದು ಅವನಿಗೂ ಸಾಧ್ಯ. ಪ್ರಯೋಜನವಿಲ್ಲದೆ ತಾನು ಸುತ್ತುವುದು, ಇತರರನ್ನು ಸುತ್ತಿಸುವುದು ಪ್ರಮಾದಚರ್ಯೆ ಎಂಬ ಅನರ್ಥದಂಡವೆಂದು ಅದೇ ಗ್ರಂಥ ಎಣಿಸುತ್ತದೆ.

ಇನ್ನೊಂದು ಮುಖ ಪ್ರಾಮಾಣಿಕತೆಯದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿದೆ. ತಿಳಿಸದ ಮಾರ್ಪಾಡಿನಿಂದ ಅಪಘಾತದ ವಿಮೆ ಪರಿಹಾರವೂ ಕೈತಪ್ಪಬಹುದು. ತಪಾಸಣೆಯ ದಿನ ಹಳೆಯ ಸೈಲೆನ್ಸರ್ ಜೋಡಿಸಿ, ಮರುದಿನ ಕಳಚುವವರಿದ್ದಾರೆ. ಇದು ಮಾಯಾಕಷಾಯವಲ್ಲದೆ ಬೇರೇನು? ರಾಜ್ಯದ ಕಟ್ಟಳೆ ಮೀರುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸಿದೆ.

ಹಾಗಾದರೆ ಆ ಮನೆಯವರು ಮಾಡಬೇಕಾದುದೇನು? ಮಗನನ್ನು ಗದರಿಸುವುದಲ್ಲ. ಕಾರನ್ನು ಮತ್ತೆ ನೋಡಲು ಹೋಗುವ ಮೊದಲೇ ಎಲ್ಲರೂ ಕುಳಿತು ಮೂರು ಮಾತು ಬರೆದಿಡಲಿ: ಮನೆಗೆ ಎಷ್ಟು ವಾಹನ ಸಾಕು, ಎಷ್ಟು ಹಣ ಸಲ್ಲುತ್ತದೆ, ಅದು ಯಾವ ಕೆಲಸಕ್ಕೆ. ಆಸೆ ಹುಟ್ಟಿದ ಮೇಲೆ ಎಳೆಯುವ ಗೆರೆ ಆಸೆಯ ಹಿಂದೆಯೇ ಸರಿಯುತ್ತದೆ. ಬಳಿಕ ತಿಳಿದ ಮೆಕ್ಯಾನಿಕರಿಗೆ ತೋರಿಸಿ, ನೋಂದಣಿ ಪತ್ರದ ವಿವರಗಳನ್ನು ಕಾರಿನೊಡನೆ ಹೋಲಿಸಿ, ಸಾರಿಗೆ ಕಚೇರಿಯಲ್ಲಿ ವಿಚಾರಿಸಲಿ. ಮೂಲಸ್ಥಿತಿಗೆ ತರುವ ಖರ್ಚೂ ಸೇರಿ ಗೆರೆಯೊಳಗೆ ನಿಂತರೆ ಕೊಳ್ಳಬಹುದು. ನಿಲ್ಲದಿದ್ದರೆ ಬಿಡಬಹುದು.

ಕೊನೆಯ ಪರೀಕ್ಷೆಯೊಂದಿದೆ. ಆ ಕಾರನ್ನು ಬೇರೆ ಯಾರೋ ಕೊಂಡರೆಂದು ನಾಳೆ ಸುದ್ದಿ ಬಂದರೆ ಮನಸ್ಸಿಗೆ ಏನಾಗುತ್ತದೆ? ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಇನ್ನೂ ತನ್ನದಾಗದ ವಸ್ತುವಿಗಾಗಿ ಎದೆ ಕುಸಿದರೆ, ಹಣ ಕೊಡುವ ಮೊದಲೇ ಪರಿಗ್ರಹ ಮನೆಯೊಳಗೆ ಬಂದಾಗಿದೆ. ಹೋದರೆ ಹೋಗಲಿ ಎಂದು ಮಗನು ನಗುನಗುತ್ತ ತೋಟದ ಕೆಲಸಕ್ಕೆ ಇಳಿಯಬಲ್ಲನಾದರೆ, ಅವನು ಯಾವ ಕಾರಿನಲ್ಲಿ ಕುಳಿತರೂ ತಾಯಿ ನಿಶ್ಚಿಂತೆಯಿಂದ ನಿದ್ರಿಸಬಹುದು.